ಹಳೆಯ ರೇಡಿಯೊಗೆ ಹೊಸ ಕಿವಿ

ರೇಡಿಯೊದ ಚರಿತ್ರೆಯನ್ನು ನಾವು ಹೆಚ್ಚಾಗಿ ಪ್ರಸಾರ ಮಾಡಿದವರ ಕಡೆಯಿಂದಲೇ ಬರೆದಿದ್ದೇವೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದು, ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ್ದಾದದ್ದು, ಇವೆಲ್ಲ ನಮಗೆ ಗೊತ್ತು. ಆದರೆ ಆ ದನಿಗೆ ಕಿವಿಗೊಟ್ಟ ಪೆಟ್ಟಿಗೆಗಳಿಗೂ ಒಂದು ಚರಿತ್ರೆಯಿದೆ. ಪ್ರಸಾರ ಡಿಜಿಟಲ್ ಆಗುತ್ತಿರುವ ಈ ಹೊತ್ತಿನಲ್ಲಿ ಆ ಪೆಟ್ಟಿಗೆಗಳ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಹಲವು ತಿಂಗಳು ಕಾಡಿತು.

ನಮ್ಮ ಅಟ್ಟದ ಮೇಲಿರುವ ವಾಲ್ವ್ ರೇಡಿಯೊಗಳಲ್ಲೂ ಟ್ರಾನ್ಸಿಸ್ಟರ್‌ಗಳಲ್ಲೂ ಸಾಮಾನ್ಯವಾಗಿ ಇರುವುದು ‘ಸೂಪರ್‌ಹೆಟರೊಡೈನ್’ ಎಂಬ ವಿಧಾನ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದನ್ನು ರೂಪಿಸಿದ. ಇದರ ಜಾಣ್ಮೆ ಸರಳವಾದದ್ದು. ಯಾವ ನಿಲ್ದಾಣವನ್ನು ಹಿಡಿದರೂ ಅದನ್ನು ಒಂದೇ ನಿಗದಿತ ಕಂಪನಕ್ಕೆ, ಬಹುತೇಕ ಸೆಟ್ಟುಗಳಲ್ಲಿ 455 ಕಿಲೋಹರ್ಟ್ಸ್‌ಗೆ, ಇಳಿಸಿಕೊಳ್ಳುವುದು. ಬೆಂಗಳೂರಿನ 612ಕ್ಕೆ ಮುಳ್ಳು ತಿರುಗಿಸಿದರೆ ಪೆಟ್ಟಿಗೆಯೊಳಗಿನ ಆಂದೋಲಕ 1067ರಲ್ಲಿ ಮಿಡಿಯುತ್ತದೆ. ಇವೆರಡರ ವ್ಯತ್ಯಾಸವೇ 455. ಹೊರಗಿನ ಲೋಕ ಎಷ್ಟೇ ಬಗೆಯದಾಗಿರಲಿ, ಒಳಗೆ ಬಂದ ಮೇಲೆ ಎಲ್ಲರಿಗೂ ಒಂದೇ ಪಂಕ್ತಿ.

ಡಿಜಿಟಲ್ ರೇಡಿಯೊ ಎರಡು ದಾರಿಗಳಲ್ಲಿ ಬಂತು. ಯುರೋಪಿನ ಹಲವು ದೇಶಗಳು ಆರಿಸಿಕೊಂಡ ಡಿಎಬಿ ಪದ್ಧತಿಗೆ ಬೇರೆಯೇ ತರಂಗಪಟ್ಟಿ ಬೇಕು. 2017ರಲ್ಲಿ ನಾರ್ವೆ ತನ್ನ ರಾಷ್ಟ್ರೀಯ ಎಫ್‌ಎಂ ಪ್ರಸಾರಗಳನ್ನು ನಿಲ್ಲಿಸಿದಾಗ, ಹಳೆಯ ಸೆಟ್ಟುಗಳಿಗೆ ಆ ರಾಷ್ಟ್ರೀಯ ವಾಹಿನಿಗಳು ಇಲ್ಲವಾದವು. ಅಂಥ ಕಡೆ ಹವ್ಯಾಸಿಗಳು ಹಳೆಯ ಮರದ ಪೆಟ್ಟಿಗೆಯ ಕರುಳನ್ನೆಲ್ಲ ತೆಗೆದು ಹೊಸ ಡಿಜಿಟಲ್ ಫಲಕ ಕೂರಿಸುವುದುಂಟು. ಚೆಂದ ಉಳಿಯುತ್ತದೆ, ರೇಡಿಯೊ ಉಳಿಯುವುದಿಲ್ಲ.

ಎರಡನೆಯದು ಡಿಆರ್‌ಎಂ. 2003ರಲ್ಲಿ ಅಧಿಕೃತವಾಗಿ ಆರಂಭವಾದ ಈ ಪದ್ಧತಿ ಮಧ್ಯಮ ತರಂಗ, ಕಿರುತರಂಗಗಳ ಹಳೆಯ ಓಣಿಗಳಲ್ಲೇ, 9 ಅಥವಾ 10 ಕಿಲೋಹರ್ಟ್ಸ್ ಅಗಲದೊಳಗೇ ನಡೆಯಬಲ್ಲದು. ನಮ್ಮ ಆಕಾಶವಾಣಿ 35 ಮಧ್ಯಮ ತರಂಗ ಪ್ರೇಷಕಗಳನ್ನು ಇದಕ್ಕೆ ಸಜ್ಜುಗೊಳಿಸಿತು, ಬೆಂಗಳೂರಿನದೂ ಅವುಗಳಲ್ಲೊಂದು. ಓಣಿ ಹಳೆಯದೇ ಆದ್ದರಿಂದ ಹಳೆಯ ರೇಡಿಯೊ ಈ ಸಂಕೇತವನ್ನು ಹಿಡಿಯುತ್ತದೆ. ಆದರೆ ಅದಕ್ಕೆ ಕೇಳಿಸುವುದು ಒಲೆಯ ಮೇಲಿನ ಒಗ್ಗರಣೆಯಂಥ ಬರಿಯ ಸದ್ದು. ಕಿವಿಯಿದೆ, ಭಾಷೆ ಬರುವುದಿಲ್ಲ.

ಈ ಭಾಷೆಯನ್ನು ಕಲಿಸುವ ಉಪಾಯವನ್ನು ಹವ್ಯಾಸಿಗಳು ಆ ದಿನಗಳಲ್ಲೇ ಕಂಡುಕೊಂಡಿದ್ದರು. 455ರ ಘಟ್ಟದಿಂದ ಒಂದು ಸಣ್ಣ ತಂತಿ ಹೊರಗೆಳೆದು, 467ರ ಆಂದೋಲಕವಿರುವ ಪುಟ್ಟ ಫಲಕಕ್ಕೆ ಕೊಟ್ಟರೆ 12 ಕಿಲೋಹರ್ಟ್ಸ್ ಸಿಗುತ್ತದೆ. ಅದು ಕಂಪ್ಯೂಟರಿನ ಸೌಂಡ್‌ಕಾರ್ಡ್ ನುಂಗಬಲ್ಲ ತುತ್ತು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಡ್ರೀಮ್’ ಎಂಬ ಮುಕ್ತ ತಂತ್ರಾಂಶ ಉಳಿದದ್ದನ್ನು ಬಿಡಿಸುತ್ತದೆ. ನಾನೂ ನನ್ನ ಟ್ರಾನ್ಸಿಸ್ಟರಿಗೆ ಹೀಗೆಯೇ ಮಾಡಿದೆ. ಹಳೆಯ ಸೆಟ್ಟಿನ ಶೋಧಕ ಮಾತಿಗೆಂದು ಕಿರಿದಾಗಿ ಮಾಡಿದ್ದು. ಡಿಜಿಟಲ್ ಸಂಕೇತದ ಅಂಚುಗಳನ್ನು ಅದು ಕತ್ತರಿಸುತ್ತದೆ. ಹಾಗಾಗಿ ಅಗಲವಾದ ಶೋಧಕ ಹಾಕಬೇಕಾಯಿತು. ಕಾವೇರಿದಂತೆ ಆಂದೋಲಕ ಜಾರುತ್ತದೆ, ಆದ್ದರಿಂದ ಅರ್ಧ ಗಂಟೆ ಹಚ್ಚಿಟ್ಟು ಕಾಯಬೇಕು. ಆಮೇಲೆ ಪರದೆಯ ದೀಪಗಳು ಒಂದೊಂದಾಗಿ ಹಸಿರಾಗಿ, ಒಗ್ಗರಣೆಯ ಸದ್ದಿನಿಂದ ಮನುಷ್ಯನ ದನಿ ಎದ್ದು ಬರುತ್ತದೆ.

ಸಂತೋಷದ ಜೊತೆಗೇ ಒಂದು ಅಳುಕೂ ಇದೆ. ಒಂದು ಸುರುಳಿ, ಒಂದು ಗೆಲೀನಾ ಹರಳು, ಒಂದು ಇಯರ್‌ಫೋನ್ ಇದ್ದರೆ ಶಾಲೆಯ ಹುಡುಗಿಯೂ ಬ್ಯಾಟರಿಯಿಲ್ಲದೆ ಹತ್ತಿರದ ಮಧ್ಯಮ ತರಂಗ ನಿಲ್ದಾಣವನ್ನು ಕೇಳಬಹುದಿತ್ತು. ಸರ್ಕಾರ ಲೈಸೆನ್ಸ್ ಕೇಳಿದ ಕಾಲದಲ್ಲೂ ಭೌತವಿಜ್ಞಾನ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಡಿಜಿಟಲ್ ದನಿಯನ್ನು ಬಿಡಿಸಲು ಸಂಸ್ಕಾರಕ ಬೇಕು, ತಂತ್ರಾಂಶ ಬೇಕು; ದನಿಯನ್ನು ಹಿಂಡಿ ಕಟ್ಟುವ ವಿಧಾನಗಳ ಮೇಲೆ ಪೇಟೆಂಟುಗಳ ಹಕ್ಕುಗಳೂ ಇವೆ. ಹಳೆಯ ಪ್ರಸಾರ ದೂರವಾದಂತೆ ಕ್ಷೀಣಿಸುತ್ತಿತ್ತು, ಕರಕರ ಎನ್ನುತ್ತಲೇ ಸುದ್ದಿ ಮುಟ್ಟಿಸುತ್ತಿತ್ತು. ಹೊಸದು ಸ್ಪಷ್ಟವಾಗಿರುತ್ತದೆ, ಇಲ್ಲವೇ ಪೂರ್ತಿ ಮೌನವಾಗುತ್ತದೆ. ನೆರೆ ಬಂದು ಕರೆಂಟು ಹೋದ ಊರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಗೆಂದು ಡಿಜಿಟಲ್ ಬೇಡವೆನ್ನುವುದು ನನ್ನ ವಾದವಲ್ಲ. ಕಡಿಮೆ ವಿದ್ಯುತ್ತು ಸುಟ್ಟು ದೂರಕ್ಕೆ ತಲುಪುವ, ಒಂದೇ ಓಣಿಯಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ ಒಯ್ಯುವ ಗುಣ ಅದಕ್ಕಿದೆ. ನನ್ನ ಮಾತು ಇಷ್ಟೇ: ಕೇಳುಗನಿಗೆ ಬಿಚ್ಚಿ ನೋಡಲು, ರಿಪೇರಿ ಮಾಡಲು, ಕಲಿಯಲು ಜಾಗವಿದ್ದಾಗ ರೇಡಿಯೊ ಜನರದ್ದಾಗಿತ್ತು. ಡಿಆರ್‌ಎಂನ ನಿಯಮಾವಳಿ ಪ್ರಕಟಿತವಾಗಿದ್ದರಿಂದಲೇ ವಿದ್ಯಾರ್ಥಿಗಳು ತಂತ್ರಾಂಶ ಬರೆಯಲು ಸಾಧ್ಯವಾಯಿತು, ಆ ತಂತ್ರಾಂಶ ಮುಕ್ತವಾಗಿದ್ದರಿಂದಲೇ ನನ್ನಂಥವನ ಹಳೆಯ ಸೆಟ್ಟು ಮಾತಾಡಿತು. ಪ್ರಸಾರದ ಮುಂದಿನ ಚರಿತ್ರೆ ಬರೆಯುವವರು ಪ್ರೇಷಕಗಳ ಕಿಲೋವ್ಯಾಟ್ ಲೆಕ್ಕದ ಜೊತೆಗೆ, ಪೆಟ್ಟಿಗೆಯ ಹಿಂಬದಿಯ ಸ್ಕ್ರೂ ಬಿಚ್ಚಲು ಕೇಳುಗನಿಗೆ ಎಷ್ಟು ಅವಕಾಶವಿತ್ತು ಎಂಬುದನ್ನೂ ಬರೆದಿಡಬೇಕು.