ಎಲೈಜಾಳಿಂದ ಬ್ರೌಸರಿನವರೆಗೆ

ಯಂತ್ರದೊಡನೆ ಸಂಭಾಷಿಸುವುದು ಈಗ ಎಳೆಯ ಮಕ್ಕಳಿಗೂ ಸಹಜವಾಗಿಬಿಟ್ಟಿದೆ. ಆದರೆ ಹಾಗೆ ಆಡಿದ ಮಾತು ಎಲ್ಲಿಗೆ ಹೋಗುತ್ತದೆ, ಅದನ್ನು ಬೇರೆ ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಸುಮಾರು ಅರುವತ್ತು ವರ್ಷಗಳ ಇತಿಹಾಸವುಂಟು.

ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ತಂತ್ರಾಂಶದ ವಿವರಗಳನ್ನು ಪ್ರಕಟಿಸಿದರು. ಬರ್ಲಿನ್ನಿನಲ್ಲಿ ಹುಟ್ಟಿದ ಇವರು ನಾತ್ಸಿಗಳ ಕಾಲದಲ್ಲಿ, 1936ರಲ್ಲಿ, ಕುಟುಂಬದೊಡನೆ ದೇಶ ಬಿಟ್ಟು ಬಂದವರು. ಎಲೈಜಾ ಎಂಬುದು ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಹೂ ಮಾರುವ ಹುಡುಗಿಯ ಹೆಸರು. ಮನೋವೈದ್ಯನಂತೆ ಮಾತನಾಡುವ ಈ ತಂತ್ರಾಂಶ ಏನನ್ನೂ ಕಲಿತಿರಲಿಲ್ಲ. ವಾಕ್ಯದಲ್ಲಿ ‘ತಾಯಿ’ ಎಂದಿದ್ದರೆ ಕುಟುಂಬದ ವಿಷಯ ಕೇಳುವುದು. ‘ನಾನು’ ಎಂದಿದ್ದರೆ ‘ನೀವು’ ಎಂದು ತಿರುಗಿಸಿ ಪ್ರಶ್ನೆಯಾಗಿಸುವುದು. ಏನೂ ಸಿಗದಿದ್ದರೆ ಮುಂದುವರಿಸಿ ಎನ್ನುವುದು. ಪಾಠ ಓದದೆ ಪರೀಕ್ಷೆಗೆ ಬಂದು, ಪ್ರಶ್ನೆಯನ್ನೇ ತಿರುಚಿ ಉತ್ತರವಾಗಿ ಬರೆಯುತ್ತಿದ್ದ ಕೆಲವರು ಇದನ್ನು ಓದುತ್ತಿರಬಹುದು. ಅವರಿಗೆ ಈ ಉಪಾಯ ಹೊಸದಲ್ಲ.

ಇದೆಲ್ಲ ಗೊತ್ತಿದ್ದೂ ಜನ ಅದಕ್ಕೆ ಮನಸ್ಸು ಬಿಚ್ಚಿದರು. ಕೆಲಸವನ್ನು ತಿಂಗಳುಗಟ್ಟಲೆ ನೋಡುತ್ತಿದ್ದ ಅವರ ಕಾರ್ಯದರ್ಶಿಯೇ ನಾಲ್ಕು ಮಾತಾಗುವಷ್ಟರಲ್ಲಿ, ದಯವಿಟ್ಟು ಕೊಠಡಿಯಿಂದ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಇನ್ನೊಂದು ಪ್ರಸಂಗ. ನಡೆದ ಸಂಭಾಷಣೆಗಳನ್ನೆಲ್ಲ ತಾವು ಓದುವಂತೆ ವ್ಯವಸ್ಥೆ ಮಾಡಬಹುದೆಂದು ವೈಜೆನ್‌ಬಾಮ್ ಸೂಚಿಸಿದಾಗ, ಅದು ಅಂತರಂಗದ ಗೂಢಚರ್ಯೆ ಎಂಬ ಆಕ್ಷೇಪಣೆ ಎದ್ದಿತು. 1976ರ ತಮ್ಮ ಗ್ರಂಥದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಬಳಸುವವರ ಮುಂದಿದ್ದುದು ಬರಿಯ ಟೈಪ್‌ರೈಟರು. ಲೆಕ್ಕ ಹಾಕುತ್ತಿದ್ದುದು ಹಲವರು ಹಂಚಿಕೊಂಡಿದ್ದ ದೂರದ ಐ.ಬಿ.ಎಂ. ಯಂತ್ರ. ಓದುವ ಸಾಧ್ಯತೆ ಹುಟ್ಟಿದ್ದು ಆ ದೂರದಿಂದಲೇ.

ದೂರವನ್ನು ಅಳಿಸುವ ಸಾಧನ ಬೇರೆ ಕಡೆಯಿಂದ ಬಂತು. 1995ರಲ್ಲಿ ನೆಟ್‌ಸ್ಕೇಪಿನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಜಾಲಪುಟವೇ ಓದುಗನ ಗಣಕಯಂತ್ರದಲ್ಲಿ ಲೆಕ್ಕ ಹಾಕುವುದು ಸಾಧ್ಯವಾಯಿತು. 2005ರಲ್ಲಿ ನಾರ್ಬರ್ಟ್ ಲ್ಯಾಂಡ್‌ಸ್ಟೈನರ್ ಎಲೈಜಾಳನ್ನು ಈ ಭಾಷೆಗೆ ತಂದರು. ಅದರ ನಿಯಮಗಳನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದು.

ಕಲಿಯುವ ಯಂತ್ರಗಳ ಸಂಗತಿ ಕಠಿನವಾದುದು. ಅವುಗಳಲ್ಲಿರುವುದು ಕೈಬರಹದ ನಿಯಮಗಳಲ್ಲ, ತರಬೇತಿಯಿಂದ ದೊರೆತ ಸಂಖ್ಯೆಗಳ ರಾಶಿ. 2018ರಲ್ಲಿ ಗೂಗಲ್ ಟೆನ್ಸರ್‌ಫ್ಲೋ ಜೆ.ಎಸ್. ಹೊರತಂದಾಗ ಬ್ರೌಸರಿನಲ್ಲಿ ಓಡುತ್ತಿದ್ದುದು ಸಣ್ಣ ಮಾದರಿಗಳು. 2023ರಲ್ಲಿ ಕ್ರೋಮ್ ಬ್ರೌಸರಿಗೆ ವೆಬ್‌ಜಿಪಿಯು ಸೇರಿ, ಚಿತ್ರ ಬಿಡಿಸುವ ಚಿಪ್ಪು ಈ ಲೆಕ್ಕಕ್ಕೆ ಇನ್ನೂ ಚೆನ್ನಾಗಿ ಒದಗಿತು. ಅದೇ ವರ್ಷ ವೆಬ್‌ಎಲ್‌ಎಲ್‌ಎಂ ಎಂಬ ತಂತ್ರಾಂಶ 700 ಕೋಟಿ ಸಂಖ್ಯೆಗಳ ಮಾದರಿಯನ್ನೂ ಬ್ರೌಸರಿನಲ್ಲಿ ಮಾತನಾಡಿಸಿತು. ಸಂಖ್ಯೆಯೊಂದಕ್ಕೆ 16 ಬಿಟ್ ಕೊಟ್ಟರೆ ಅದು 14 ಗಿಗಾಬೈಟ್. 4 ಬಿಟ್ಟಿಗೆ ಕುಗ್ಗಿಸಿದರೆ ಮೂರೂವರೆ. ನಿಖರತೆ ತುಸು ಕುಂದುತ್ತದೆ, ಮೊದಲ ಸಲ ಇಳಿಸಿಕೊಳ್ಳಲು ತಾಳ್ಮೆಯೂ ಬೇಕು. ಜ್ಞಾನದಲ್ಲಿ ಇವು ದೂರದ ದೈತ್ಯ ಯಂತ್ರಗಳಿಗೆ ಸಮನಲ್ಲ. ಆ ಸಂಖ್ಯೆಗಳು ನಮ್ಮ ಮನೆಗೇ ಬಂದರೂ ಎಲೈಜಾಳ ನಿಯಮಗಳಂತೆ ಓದಿ ತಿಳಿಯಲಾಗದು.

ಆದರೂ ಗುಟ್ಟಿನ ಮಾತಿಗೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಪುಟವನ್ನು ಬರೆದವನು ಬಯಸಿದರೆ ನಮ್ಮ ಮಾತನ್ನು ಕದ್ದು ಹೊರಗೆ ಕಳುಹಿಸಬಹುದು, ನಿಜ. ಪರೀಕ್ಷೆ ಸರಳ: ಮಾದರಿ ಪೂರ್ತಿ ಇಳಿದ ಮೇಲೆ ಅಂತರಜಾಲದ ತಂತಿಯನ್ನು ಕಿತ್ತು ಪ್ರಶ್ನೆ ಕೇಳಿ. ಉತ್ತರ ಬಂದರೆ, ಅದು ಮೇಜಿನ ಮೇಲಿರುವ ಯಂತ್ರದಿಂದಲೇ ಬಂದದ್ದು.