ಹಳಿ ಕಾಯುವವರ ಚರಿತ್ರೆ

ರೈಲಿನ ಕಿಟಕಿಯಿಂದ ನಾವೆಲ್ಲ ಒಮ್ಮೆಯಾದರೂ ಅವರನ್ನು ನೋಡಿರುತ್ತೇವೆ. ರೈಲು ಬಂತೆಂದು ಪಕ್ಕಕ್ಕೆ ಸರಿದು, ಹಾರೆ ಊರಿಕೊಂಡು ನಿಂತಿರುತ್ತಾರೆ. ರೈಲು ದಾಟಿದ ಮೇಲೆ ಮತ್ತೆ ಹಳಿಗಿಳಿಯುತ್ತಾರೆ. ಇವರು ಗ್ಯಾಂಗ್‌ಮನ್‌ಗಳು. ಇವರಲ್ಲೊಬ್ಬ ಕೀಮನ್. ಸುತ್ತಿಗೆ, ಸ್ಪ್ಯಾನರ್, ಬಾವುಟ ಹೊತ್ತು ತನ್ನ ಪಾಲಿನ ದಾರಿಯನ್ನು ದಿನವೂ ನಡೆಯುತ್ತಾನೆ. ಸಡಿಲಗೊಂಡದ್ದನ್ನು ಬಡಿದು ಬಿಗಿ ಮಾಡುತ್ತಾನೆ. ಹಳಿ ಬಿರುಕು ಬಿಟ್ಟಿದ್ದರೆ ಎದುರು ಓಡಿ ರೈಲನ್ನು ತಡೆಯುತ್ತಾನೆ.

ಇಂದು ಇದು ಸರಕಾರಿ ನೌಕರಿ. ಪದವೀಧರರೂ ಪರೀಕ್ಷೆ ಬರೆದು ಸೇರುತ್ತಾರೆ. ಆದರೆ ಹಳಿಯ ಕೂಲಿ ನೌಕರಿಯಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಓಡಿತು. ಮುಂದಿನ ಸವಾಲು ಸಹ್ಯಾದ್ರಿಯ ಭೋರ್ ಘಾಟಿ. ಅಲ್ಲಿ ಕೆಲಸ ಜೋರಾಗಿದ್ದಾಗ ನಲವತ್ತು ಸಾವಿರದಷ್ಟು ಮಂದಿ ಬಂಡೆ ಒಡೆಯುತ್ತಿದ್ದರು. ಕಾಲರಾ ಅವರನ್ನು ಗುಂಪುಗುಂಪಾಗಿ ಒಯ್ದಿತು. ಕೂಲಿ ಸಿಗದೆ 1859ರಲ್ಲಿ ಅವರು ದಂಗೆಯೆದ್ದರು. ಅದೇ ವರ್ಷ ಹೊಸ ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ತೀರಿಕೊಂಡಾಗ ಹೆಂಡತಿ ಆಲಿಸ್ ಗುತ್ತಿಗೆಯನ್ನು ಮುಂದುವರಿಸಿದಳು. 1863ರಲ್ಲಿ ಘಾಟಿ ಮಾರ್ಗ ತೆರೆಯಿತು. ಆಲಿಸ್‌ಳ ಹೆಸರು ಚರಿತ್ರೆಯಲ್ಲಿ ಉಳಿಯಿತು, ಬಂಡೆ ಒಡೆದವರದು ಉಳಿಯಲಿಲ್ಲ.

ನಮ್ಮ ನಾಡಿನಲ್ಲಿ ಜನರನ್ನು ಹಳಿಯ ಕೆಲಸಕ್ಕೆ ತಂದದ್ದು ಹಸಿವು. 1876-78ರ ಭೀಕರ ಬರದಲ್ಲಿ ಬೆಂಗಳೂರು-ಮೈಸೂರು ಮಾರ್ಗದ ಮಣ್ಣಿನ ಕೆಲಸ ಪರಿಹಾರ ಕಾಮಗಾರಿಯಾಯಿತು. ಹೊಲ ಒಣಗಿದ ರೈತ ಮಣ್ಣು ಹೊತ್ತು ಹೊಟ್ಟೆ ಹೊರೆದ. 1882ರಲ್ಲಿ ರೈಲು ಮೈಸೂರು ತಲುಪಿತು.

ಸ್ವಾತಂತ್ರ್ಯ ಬಂದ ಮೇಲೂ ಲಕ್ಷಾಂತರ ಜನ 'ಕ್ಯಾಜುವಲ್ ಲೇಬರ್' ಆಗಿಯೇ ಉಳಿದರು. ಕೆಲಸ ವರ್ಷವಿಡೀ ಇತ್ತು, ಆದರೆ ಖಾಯಂ ಎಂಬ ಮಾತಿರಲಿಲ್ಲ. ಕೆಲಸ ಮುಗಿದ ಕಡೆ ಕೈಬಿಟ್ಟು, ಬೇಕಾದ ಕಡೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಹೀಗಾಗಿ ಹತ್ತು ವರ್ಷ ದುಡಿದವನೂ ಕಾಗದದಲ್ಲಿ ಹೊಸಬನೇ.

1974ರ ಮೇ ತಿಂಗಳಲ್ಲಿ ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ನಾಯಕತ್ವದಲ್ಲಿ ದೇಶದ ರೈಲು ಕಾರ್ಮಿಕರು ಇಪ್ಪತ್ತು ದಿನ ಮುಷ್ಕರ ಹೂಡಿದರು. ಎಂಟು ಗಂಟೆಯ ದುಡಿಮೆ, ಬೋನಸ್, ತಾತ್ಕಾಲಿಕರ ಖಾಯಮಾತಿ ಬೇಡಿಕೆಗಳಲ್ಲಿದ್ದವು. ಸಾವಿರಾರು ಜನ ಜೈಲು ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಮುಷ್ಕರ ಸೋತಿತು. ಆದರೆ ವಜಾಗೊಂಡವರನ್ನು 1977ರಲ್ಲಿ ಜನತಾ ಸರಕಾರ ಮರಳಿ ಸೇರಿಸಿಕೊಂಡಿತು. ಬೋನಸ್ಸು 1979ರಲ್ಲಿ ಬಂತು. ಕಾಮಗಾರಿಗಳ ತಾತ್ಕಾಲಿಕರಲ್ಲಿ 360 ದಿನ ಎಡೆಬಿಡದೆ ದುಡಿದವರಿಗೆ ಸ್ಥಾನಮಾನ ಕೊಡುವ ಯೋಜನೆಯನ್ನು ಸುಪ್ರೀಂ ಕೋರ್ಟ್ 1985ರ ಇಂದರ್ ಪಾಲ್ ಯಾದವ್ ಪ್ರಕರಣದಲ್ಲಿ ಒಪ್ಪಿ ಜಾರಿಗೆ ತರಿಸಿತು. ಇದನ್ನು ಅವರು ದಾನವಾಗಿ ಪಡೆಯಲಿಲ್ಲ.

ಈಗ ಗ್ಯಾಂಗ್‌ಮನ್ ಎಂಬ ಹೆಸರು ಹೋಗಿ 'ಟ್ರ್ಯಾಕ್ ಮೇಂಟೇನರ್' ಬಂದಿದೆ. ಹೆಂಗಸರೂ ಈ ಕೆಲಸದಲ್ಲಿದ್ದಾರೆ. ಜಲ್ಲಿ ಬಿಗಿಮಾಡಲು ದೊಡ್ಡ ಯಂತ್ರಗಳಿವೆ. ಆದರೂ ಮಂಜು ಮುಸುಕಿದ ಬೆಳಗಿನಲ್ಲಿ, ಮಳೆಯ ಘಾಟಿಯಲ್ಲಿ ಹಳಿಯ ಮೇಲೆ ನಡೆಯುವುದು ಮನುಷ್ಯನ ಕಾಲೇ. ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಸುಮಾರು ಐದು ವರ್ಷಗಳಲ್ಲಿ ಕರ್ತವ್ಯದಲ್ಲಿದ್ದಾಗ ಸತ್ತ ರೈಲ್ವೆ ನೌಕರರು ಸುಮಾರು 1,600. ರೈಲು ಅಪಘಾತವಾದರೆ ಪತ್ರಿಕೆಗಳ ಮುಖಪುಟ ತುಂಬುತ್ತದೆ. ಒಬ್ಬೊಬ್ಬರಾಗಿ ಸತ್ತ ಇವರಿಗೆ ಒಳಪುಟದ ಮೂಲೆಯೂ ಸಿಗುವುದಿಲ್ಲ.

ಹಳಿಯ ಪಕ್ಕ ನಿಂತವರು ದಾಟುವ ರೈಲಿಗೆ ಬಾವುಟ ತೋರಿಸುತ್ತಾರೆ. ದಾರಿ ಸರಿಯಿದೆ, ಹೋಗಿ ಎಂದು ಅದರ ಅರ್ಥ. ಅವರ ದಾರಿ ಸರಿಯಿದೆಯೇ ಎಂದು ಒಳಗೆ ಕೂತ ನಾವು ಎಂದಾದರೂ ಕೇಳಿದ್ದೇವೆಯೇ?