ಮಂದ್ರವಾದ್ಯದ ಚಾರ್ಲ್ಸ್ ಮಿಂಗಸ್

ಮೇಳದಲ್ಲಿ ಹಿಂದೆ ನಿಲ್ಲುವವನ ಹೆಸರು ಕೇಳುಗರ ನೆನಪಿನಲ್ಲಿ ಉಳಿಯುವುದು ಅಪರೂಪ. ಅಮೆರಿಕದ ಕರಿಯ ಜನರು ಲೋಕಕ್ಕೆ ಕೊಟ್ಟ ಜಾಝ್ ಸಂಗೀತದಲ್ಲಿ ತುತೂರಿಗೂ ಸ್ಯಾಕ್ಸೊಫೋನಿಗೂ ಮುಂದಿನ ಸ್ಥಾನ. ಆಳೆತ್ತರದ ಒಡಲೂ ನಾಲ್ಕು ದಪ್ಪ ತಂತಿಗಳೂ ಉಳ್ಳ ಡಬಲ್ ಬೇಸ್ ಎಂಬ ವಾದ್ಯಕ್ಕೆ ಹಿಂದಿನ ಮೂಲೆ. ಪಿಟೀಲಿನ ಹಿರಿಯಣ್ಣನಂತೆ ತೋರುವ ಈ ವಾದ್ಯವನ್ನು ಜಾಝ್ ಮೇಳದವರು ಹೆಚ್ಚಾಗಿ ಕಮಾನಿಲ್ಲದೆ ಬೆರಳಿನಿಂದಲೇ ಮೀಟಿ, ಲಯದ ನಡೆಯನ್ನು ಕಾಯುತ್ತಾರೆ. ಇಂತಹ ಮಂದ್ರವಾದ್ಯವನ್ನು ಹಿಡಿದೇ ಮೇಳದ ಯಜಮಾನನಾದವನು ಚಾರ್ಲ್ಸ್ ಮಿಂಗಸ್. ಆ ವಾದ್ಯ ಅವನ ಕೈಗೆ ಬಂದುದಾದರೂ ಒಲವಿನಿಂದಲ್ಲ, ವರ್ಣಭೇದದ ದೆಸೆಯಿಂದ.

ಅವನು ಹುಟ್ಟಿದುದು ೧೯೨೨ನೆಯ ಏಪ್ರಿಲ್ ೨೨ರಂದು, ಅರಿಜೋನ ಸೀಮೆಯ ನೊಗಾಲಿಸಿನ ದಂಡಿನ ಬೀಡಿನಲ್ಲಿ. ತಂದೆ ಸೈನ್ಯದಲ್ಲಿ ಸಾರ್ಜೆಂಟ್. ಹೆತ್ತ ತಾಯಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಲಾಸ್ ಏಂಜಲಿಸಿನ ವಾಟ್ಸ್ ಎಂಬಲ್ಲಿ ಬಾಲಕನು ಬೆಳೆದನು. ದೈವಭಕ್ತೆಯಾದ ಮಲತಾಯಿ ಚರ್ಚಿನ ಸಂಗೀತವಲ್ಲದೆ ಬೇರೊಂದನ್ನು ಮನೆಯೊಳಗೆ ಸೇರಿಸಿದವಳಲ್ಲ. ಅಲ್ಲಿಯ ಭಕ್ತರು ಕೈತಟ್ಟಿ, ಕೂಗಿ, ಒಬ್ಬನ ಕರೆಗೆ ಎಲ್ಲರೂ ಓಗೊಡುತ್ತಿದ್ದ ರೀತಿ ಅವನ ಕಿವಿಯಲ್ಲಿ ಕೊನೆಯವರೆಗೂ ನಿಂತಿತು. ಇನ್ನೊಂದು ನಾದ ರೇಡಿಯೋದ ಮೂಲಕ ಬಂದಿತು. ಅದು ಡ್ಯೂಕ್ ಎಲಿಂಗ್‌ಟನ್ನನ ವಾದ್ಯಮೇಳ. ಈ ಎರಡರಿಂದಲೇ ಅವನ ಸಂಗೀತವೆಲ್ಲ ಬೆಳೆಯಿತೆಂದರೂ ಅತಿಶಯೋಕ್ತಿಯಾಗದು.

ಬಾಲ್ಯದಲ್ಲಿ ಅವನು ಮನವಿಟ್ಟು ಕಲಿತುದು ಚೆಲ್ಲೊ ವಾದ್ಯವನ್ನು. ಆದರೆ ಯೂರೋಪಿನ ಶಾಸ್ತ್ರೀಯ ಸಂಗೀತದ ವೃಂದಗಳು ಅಂದು ಬಿಳಿಯರಿಗೆ ಮೀಸಲು. ಎಷ್ಟೇ ಚೆನ್ನಾಗಿ ನುಡಿಸಿದರೂ ಕರಿಯನಿಗೆ ಅಲ್ಲಿ ಎಡೆಯಿಲ್ಲವೆಂದೂ, ಬದುಕಬೇಕಾದರೆ ಬೇಸನ್ನು ಹಿಡಿಯಬೇಕೆಂದೂ ಗೆಳೆಯ ಬಡ್ಡಿ ಕಾಲೆಟ್ ಬುದ್ಧಿಹೇಳಿದನು. ಮಿಂಗಸನು ಹಾಗೆಯೇ ಮಾಡಿದನು. ಮಾಡಿ, ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ವೃಂದದಲ್ಲಿ ಹಿಂದೆ ವಾದಕನಾಗಿದ್ದ ಹರ್ಮನ್ ರೈನ್‌ಶಾಗನ್ ಎಂಬ ಗುರುವಿನಲ್ಲಿ ಐದು ವರ್ಷ ಅಭ್ಯಾಸ ನಡೆಸಿದನು. ಬಾಗಿಲು ಮುಚ್ಚಿದ ಮನೆಯ ವಿದ್ಯೆಯನ್ನೇ ಹೀಗೆ ಹಿತ್ತಲಿನಿಂದ ಹೊತ್ತುಕೊಂಡು ಬಂದನೆನ್ನಬಹುದು.

ಲೂಯಿ ಆರ್ಮ್‌ಸ್ಟ್ರಾಂಗ್, ಲಯನೆಲ್ ಹ್ಯಾಂಪ್ಟನ್ ಮೊದಲಾದವರ ಮೇಳಗಳಲ್ಲಿ ಅವನು ದುಡಿದನು. ರೆಡ್ ನಾರ್ವೋವಿನ ಮೂವರ ಮೇಳದಲ್ಲಿದ್ದಾಗ ದೂರದರ್ಶನದ ಕಾರ್ಯಕ್ರಮವೊಂದಕ್ಕೆ ಅವನನ್ನು ಬಿಟ್ಟು ಬಿಳಿಯ ವಾದಕನನ್ನು ನಿಲ್ಲಿಸಲಾಗಿ, ಮಿಂಗಸನು ಆ ಮೇಳವನ್ನೇ ತೊರೆದನು. ೧೯೫೨ರಲ್ಲಿ ಮ್ಯಾಕ್ಸ್ ರೋಚನೊಡನೆ ‘ಡೆಬ್ಯು’ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ತೆರೆದನು. ಮರುವರ್ಷ ತನ್ನ ಆರಾಧ್ಯನಾದ ಎಲಿಂಗ್‌ಟನ್ನನ ಮೇಳವನ್ನು ಸೇರುವ ಭಾಗ್ಯ ಬಂದಿತಾದರೂ, ಸಹವಾದಕನೊಬ್ಬನೊಡನೆ ಕಾದಾಡಿ ಕೆಲವೇ ದಿನಗಳಲ್ಲಿ ಅದನ್ನು ಕಳೆದುಕೊಂಡನು. ಅವನ ಕೋಪವನ್ನು ಪ್ರತಿಭೆಯ ಲಕ್ಷಣವೆಂದು ಹೊಗಳುವವರುಂಟು. ಆದರೆ ೧೯೬೨ರಲ್ಲಿ ಬಹುಕಾಲದ ಒಡನಾಡಿ ಜಿಮ್ಮಿ ನೆಪ್ಪರನ ಮುಖಕ್ಕೆ ಗುದ್ದಿ ಹಲ್ಲು ಮುರಿದುದನ್ನು ಯಾವ ಪ್ರತಿಭೆಯ ಲೆಕ್ಕಕ್ಕೂ ಬರೆಯಲಾಗದು. ಆ ಬಡವನಾದರೋ ಟ್ರಾಂಬೋನ್ ಊದಿ ಜೀವಿಸುವವನು.

ಮಿಂಗಸನ ಕೃತಿರಚನೆಯ ಕ್ರಮವು ನಮ್ಮ ದೇಶದ ಸಂಗೀತಾಭಿಮಾನಿಗಳಿಗೆ ಅಪರಿಚಿತವೆನಿಸದು. ತನ್ನ ಮೇಳಕ್ಕೆ ಅವನು ಕಾರ್ಯಾಗಾರವೆಂದು ಹೆಸರಿಟ್ಟಿದ್ದನು. ಸ್ವರಲಿಪಿ ಓದಬಲ್ಲ ವಾದಕರಿಗೂ ಬರಹವನ್ನು ಕೊಡದೆ, ಪಿಯಾನೋದ ಮುಂದೆ ಕುಳಿತು ನುಡಿಸಿ, ಬಾಯಲ್ಲಿ ಹಾಡಿ ಪಾಠ ಮಾಡುತ್ತಿದ್ದನು. ಕಾಗದದಿಂದ ನುಡಿಸಿದುದು ಕಾಗದದಂತೆಯೇ ಇರುವುದೆಂಬುದು ಅವನ ಅಂಜಿಕೆ. ೧೯೫೬ರ ‘ಪಿಥೆಕಾಂತ್ರೋಪಸ್ ಎರೆಕ್ಟಸ್’ ಈ ಗುರುಮುಖದ ಕ್ರಮದಿಂದಲೇ ಹುಟ್ಟಿದುದು. ನೆಟ್ಟಗೆ ನಿಂತ ಮೊದಲ ಮಾನವನು ಅಹಂಕಾರದಿಂದ ಇತರರನ್ನು ಆಳಹೋಗಿ ಅಳಿಯುವುದೇ ಅದರ ವಸ್ತು. ‘ಹೈಟಿಯನ್ ಫೈಟ್ ಸಾಂಗ್’ ಎಂಬ ಕೃತಿಯಲ್ಲಂತೂ ಬೇಸೊಂದೇ ಮೊದಲು ಮಾತನಾಡುತ್ತದೆ. ಉಳಿದ ವಾದ್ಯಗಳು ಅದರ ಅಪ್ಪಣೆಗಾಗಿ ಕಾದು ಒಂದೊಂದಾಗಿ ಬಂದು ಕೂಡುತ್ತವೆ.

ಅವನ ಕೃತಿಗಳಲ್ಲಿ ದೇಶದ ರಾಜಕಾರಣಕ್ಕೆ ನೇರವಾಗಿ ತಾಗಿದುದು ‘ಫೇಬಲ್ಸ್ ಆಫ್ ಫಾಬಸ್’. ೧೯೫೭ರಲ್ಲಿ ಆರ್ಕನ್ಸಾ ರಾಜ್ಯದ ಗವರ್ನರನಾದ ಆರ್ವಲ್ ಫಾಬಸ್, ಲಿಟಲ್ ರಾಕ್ ನಗರದ ಶಾಲೆಗೆ ಒಂಬತ್ತು ಕರಿಯ ಮಕ್ಕಳು ಕಾಲಿಡದಂತೆ ಶಸ್ತ್ರಧಾರಿಗಳನ್ನು ನಿಲ್ಲಿಸಿದನು. ಅಧ್ಯಕ್ಷ ಐಸೆನ್‌ಹೋವರನು ಸೈನ್ಯವನ್ನು ಕಳುಹಿಸಿ ಮಕ್ಕಳನ್ನು ಒಳಗೆ ಸೇರಿಸಬೇಕಾಯಿತು. ಮಿಂಗಸನು ಆ ಗವರ್ನರನನ್ನು ಹಾಸ್ಯಗಾರನ ಹೆಜ್ಜೆಯಂತಹ ಒಂದು ಧಾಟಿಯಲ್ಲಿ ಹಿಡಿದಿಟ್ಟನು. ೧೯೫೯ರಲ್ಲಿ ಕೊಲಂಬಿಯಾ ಕಂಪನಿಯ ‘ಮಿಂಗಸ್ ಆ ಉಮ್’ ತಟ್ಟೆಯಲ್ಲಿ ಅದು ಮಾತಿಲ್ಲದೆ ಹೊರಬಿದ್ದಿತು. ಮಾತುಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಮರುವರ್ಷ ‘ಕ್ಯಾಂಡಿಡ್’ ಎಂಬ ಚಿಕ್ಕ ಸಂಸ್ಥೆಗಾಗಿ ಅವನು ಅದನ್ನೇ ಮತ್ತೆ ನುಡಿಸಿದನು. ಅಲ್ಲಿ ಯಜಮಾನನು ಕೂಗಿ ಪ್ರಶ್ನಿಸುತ್ತಾನೆ, ಡ್ರಮ್ ವಾದಕ ಡ್ಯಾನಿ ರಿಚ್ಮಂಡ್ ಕೂಗಿ ಉತ್ತರಿಸುತ್ತಾನೆ. ಮಲತಾಯಿಯ ಚರ್ಚಿನ ಕರೆಯೂ ಓಗೊಡುವಿಕೆಯೂ ಇಲ್ಲಿ ನಿಂದಾಸ್ತುತಿಗೆ ಒದಗಿವೆ.

೧೯೬೨ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ದೊಡ್ಡ ಮೇಳವನ್ನು ಕೂಡಿಸಿ ನಡೆಸಿದ ಕಚೇರಿ ಕೆಟ್ಟುಹೋಯಿತು. ಬರಹ ಮುಗಿದಿರಲಿಲ್ಲ, ವಾದಕರು ವೇದಿಕೆಯಲ್ಲಿರುವಾಗಲೇ ನಕಲುಗಾರರು ಸ್ವರಗಳನ್ನು ಬರೆಯುತ್ತಿದ್ದರು. ಬರಹವನ್ನು ನಂಬದವನಿಗೆ ಬರಹದಿಂದಲೇ ಸೋಲಾಯಿತು. ಆದರೂ ಮರುವರ್ಷವೇ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ದೀರ್ಘ ನೃತ್ಯಕೃತಿ ಹೊರಬಂದಿತು. ಅವನ ದೊಡ್ಡ ಕೃತಿಗಳಲ್ಲಿ ಇದಕ್ಕೇ ಅಗ್ರಸ್ಥಾನ ಸಲ್ಲಬೇಕು.

ಕೊನೆಯ ವರ್ಷಗಳಲ್ಲಿ ಸ್ನಾಯುಗಳನ್ನು ಕ್ಷೀಣಿಸುವ ರೋಗವೊಂದು ಅವನ ಕೈಗಳನ್ನು ಕಟ್ಟಿಹಾಕಿತು. ಗಾಲಿಕುರ್ಚಿಯಲ್ಲಿ ಕುಳಿತು, ಧ್ವನಿಮುದ್ರಣಯಂತ್ರದ ಮುಂದೆ ಹಾಡಿಯೇ ಹೊಸ ಕೃತಿಗಳನ್ನು ರಚಿಸಿದನು. ೧೯೭೯ನೆಯ ಜನವರಿ ೫ರಂದು ಮೆಕ್ಸಿಕೋ ದೇಶದ ಕ್ವೆರ್ನವಾಕದಲ್ಲಿ ತೀರಿಕೊಂಡನು. ಆಗ ವಯಸ್ಸು ೫೬. ಅವನ ಇಚ್ಛೆಯಂತೆ ಪತ್ನಿ ಸ್ಯೂ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟಳು.

ಬಳಿಕ ಅವನ ಕಾಗದಪತ್ರಗಳನ್ನು ಪಟ್ಟಿಮಾಡುತ್ತಿದ್ದಾಗ ಒಂದು ಬೃಹತ್ಕೃತಿಯ ಹಾಳೆಗಳು ದೊರೆತವು. ಟೌನ್ ಹಾಲಿನ ಆ ರಾತ್ರಿ ಮುರಿದುಬಿದ್ದ ಸಂಗೀತವೂ ಅದರಲ್ಲಿ ಸೇರಿತ್ತು. ಕೃತಿಯ ಹೆಸರು ‘ಎಪಿಟಾಫ್’, ಎಂದರೆ ಸಮಾಧಿಯ ಬರಹ. ೧೯೮೯ನೆಯ ಜೂನ್ ೩ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಗುಂಥರ್ ಶುಲ್ಲರನು ದೊಡ್ಡ ಮೇಳವೊಂದನ್ನು ನಡೆಸಿ ಅದನ್ನು ಕೇಳಿಸಿದನು. ಎರಡು ಗಂಟೆಗೂ ಮಿಕ್ಕ ಆ ಸಂಗೀತವನ್ನು ವಾದಕರು ಹಾಳೆ ನೋಡಿಯೇ ನುಡಿಸಬೇಕಾಯಿತು. ಹಾಡಿ ತೋರಿಸುವವನು ಇರಲಿಲ್ಲ.